ಮಾರಿದ್ದು ಎಣಿಸ್ತೀರಿ, ಸತ್ತದ್ದು ಯಾರು ಎಣಿಸ್ತಾರ?

ಇವತ್ತ ಮಧ್ಯಾಹ್ನ ಹುಬ್ಬಳ್ಳ್ಯಾಗಿನ ನನ್ನ ವಾಚ್ ರಿಪೇರಿ ಅಂಗಡ್ಯಾಗ ಏರಿದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕ ಬರ್ಯಾಕತ್ತೀನಿ. ಉದ್ದ ಆಕ್ಕೈತಿ. ಬ್ಯಾಸರಾದ್ರ ಮುಂದ ಹೋಗ್ರಿ, ಓದಲಾರದ ಲೈಕ್ ಒತ್ತಬ್ಯಾಡ್ರಿ.

ಕುಂದಗೋಳ ಕಡಿಂದ ಒಬ್ರು ಕಾಕಾ ಬಂದಿದ್ರು. ದೋತರ, ಟೊಪ್ಪಿಗಿ. ಕೈಯಾಗ ಏನೂ ಇಲ್ಲ, ವಾಚು ಕರವಸ್ತ್ರದಾಗ ಸುತ್ತಿ ಕಿಸೆದಾಗ ಇಟ್ಟಿದ್ರು. ಪುಣಾದಾಗಿರೂ ಮಗ ದೀಪಾವಳಿಗೆ ಕೊಡಿಸಿದ ಸ್ಮಾರ್ಟ್‌ವಾಚು. "ತಂಗಿ, ಇದರ ಚಾರ್ಜಿನ ವೈರ್ ಇಲಿ ಕಡದ ಬಿಟ್ಟೈತಿ ನೋಡವಾ. ಒಂದು ವೈರ್ ಕೊಡು" ಅಂದ್ರು. ಅವರು ಕೇಳಿದ್ದು ಅಷ್ಟ.

ನನ್ನ ಹತ್ರ ಇಂಥಾ ವೈರಿಂದ ಒಂದು ಡಬ್ಬಿನ ಐತಿ. ಎರಡು ಪಿನ್ನಿಂದು, ನಾಲ್ಕು ಪಿನ್ನಿಂದು, ಪಿನ್ನಿನ ನಡುವ 2.84 ಮಿಲಿಮೀಟರ್ ಅಂತರ ಇದ್ದದ್ದು, 4 ಮಿಲಿಮೀಟರ್ ಇದ್ದದ್ದು, 7.62 ಇದ್ದದ್ದು. ಎಲ್ಲಾ ಹಿಡದು ನೋಡಿದೆ. ಒಂದಕ್ಕ ಮ್ಯಾಗ್ನೆಟ್ ಅಂಟ್ತು, ಪಿನ್ ಕೂಡಲಿಲ್ಲ. ಇನ್ನೊಂದನ್ನ ಹತ್ರ ಒಯ್ದ್ರ ವಾಚ ದೂಡಾಕತ್ತು. ಕಂಪನಿಗೆ ಫೋನ್ ಹಚ್ಚಿದೆ. ಅದನ್ನ ಒತ್ತು, ಇದನ್ನ ಒತ್ತು ಅಂತ ಕುಣಿಸಿ, ಕಡೀಕ ಒಬ್ಬಾಕಿ ಹಿಂದ್ಯಾಗ ಹೇಳಿದ್ಲು: ಆ ಮಾಡೆಲ್ ಬಂದ್ ಆಗೈತಿ, ವೈರ್ ಸ್ಟಾಕಿಲ್ಲ ಅಂತ. ವಾಚಿಗೆ ಏನೂ ಆಗಿಲ್ಲರೀ. ಗ್ಲಾಸಿನ ಮ್ಯಾಲ ಒಂದು ಗೀರಿಲ್ಲ. ಹಂಗ ಐತಿ, ಆದ್ರ ಸತ್ತೈತಿ.

ಅಷ್ಟರಾಗ ಬೆಲ್ಟ್ ಹಾಕಿಸ್ಯಾಕ ಬಂದಿದ್ದ ಕಾಲೇಜ್ ಹುಡುಗ ಬಾಯಿ ಹಾಕಿದ. "ಆಂಟಿ, ವೈರ್ ಯಾಕ ಹುಡುಕ್ತೀರಿ? ಹನ್ನೊಂದುನೂರಕ್ಕ ಹೊಸಾದ ಬರ್ತೈತಿ. ಅಜ್ಜಾರಿಗೆ ಒಂದು ಆರ್ಡರ್ ಮಾಡಿ ಕೊಡ್ಲೇನು?" ನಾ ಸುಮ್ಮನಿದ್ದೆ. ಅವ ಸುಮ್ಮನಾಗಲಿಲ್ಲ. "ಇದರಾಗ ಇಂಡಿಯಾನ ನಂಬರ್ ಒನ್ ಮಾರ್ಕೆಟ್ ಆಗಿತ್ತು, ಗೊತ್ತೇನ್ರಿ? ಉಪಯೋಗ ಇಲ್ಲಂದ್ರ ಇಷ್ಟು ಮಂದಿ ಯಾಕ ತಗೋತಿದ್ರು?"

ಆಂಟಿ ಅಂದದ್ದು ಬಿಡ್ರಿ, ಅದು ರೂಢಿ ಆಗೈತಿ. ಆ ಕಡೀ ಪ್ರಶ್ನಿ ಬಿಡಾಕ ಆಗವಲ್ದು.

ಹುಡುಗ ಹೇಳಿದ್ದು ಸುಳ್ಳಲ್ಲ. 2022ರ ಜುಲೈದಿಂದ ಸೆಪ್ಟೆಂಬರ್ ತನಕದ ಮೂರು ತಿಂಗಳಾಗ ಭಾರತ ಉತ್ತರ ಅಮೆರಿಕಾನ ಹಿಂದ ಹಾಕಿ ಜಗತ್ತಿನ್ಯಾಗ ಅತಿ ದೊಡ್ಡ ಸ್ಮಾರ್ಟ್‌ವಾಚ್ ಮಾರುಕಟ್ಟಿ ಆತು ಅಂತ ಮಾರುಕಟ್ಟಿ ಲೆಕ್ಕ ಇಡೂ ಕೌಂಟರ್‌ಪಾಯಿಂಟ್ ಸಂಸ್ಥೆ ಹೇಳಿತ್ತು. ಅಂಥಾದ್ದ ಇನ್ನೊಂದು ಸಂಸ್ಥೆ ಐಡಿಸಿ ಲೆಕ್ಕದಂಗ 2023ರಾಗ ನಮ್ಮ ದೇಶದಾಗ ಕಂಪನಿಗೋಳು ಹೊರಗ ಕಳಿಸಿದ ಸ್ಮಾರ್ಟ್‌ವಾಚು ಸುಮಾರು 5.3 ಕೋಟಿ. ಕರ್ನಾಟಕದಾಗ ಇರೂ ಮಂದಿಗೆ ಹಂಚಿದ್ರ ಐದು ಮಂದ್ಯಾಗ ಸುಮಾರು ನಾಲ್ಕು ಮಂದಿಗೆ ಒಂದೊಂದು ಬರ್ತೈತಿ. ಭೇಷ್. ಆದ್ರ ಮರುವರ್ಷ 2024ರಾಗ ಅದ ಲೆಕ್ಕ 3.5 ಕೋಟಿಗೆ ಇಳೀತು. ಮೂರರಾಗ ಒಂದು ಪಾಲು ಗಪ್. ಇದನ್ನ ಯಾಕ ಹೇಳಲಿಲ್ಲಪಾ ಹುಡುಗ?

ಒಂದು ಮಾತು ನೆನಪಿಡ್ರಿ, ಈ ಕೋಟಿ ಕೋಟಿ ಎಣಿಸೂದು ಕಂಪನಿಯಿಂದ ಹೊರಗ ಬಿದ್ದ ಡಬ್ಬಿ. ಕೈಯಾಗ ಉಳದದ್ದಲ್ಲ. ಆರು ತಿಂಗಳಾದ ಮ್ಯಾಲ ಎಷ್ಟು ಕಪಾಟಿನ ಡ್ರಾದಾಗ, ಹಳೇ ಲೈಟ್ ಬಿಲ್ಲಿನ ಕೆಳಗ ಬಿದ್ದಾವು ಅನ್ನೂ ಲೆಕ್ಕ ಯಾವ ವರದ್ಯಾಗೂ ಇರಂಗಿಲ್ಲ. ನನ್ನ ಕೌಂಟರ್‌ಗೆ ಬರ್ತೈತಿ ಆ ಲೆಕ್ಕ. ಬೆಲ್ಟಿನ ಕೊಂಡಿ ಮುರದದ್ದು, ಬ್ಯಾಟರಿ ಉಬ್ಬಿ ಗ್ಲಾಸ್ ಎದ್ದದ್ದು, ಕೈ ತೊಳಿಯೂ ಮುಂದ ನೀರು ಹೊಕ್ಕದ್ದು, ವೈರ್ ಕಳದದ್ದು. ಇದರಾಗ ವೈರ್ ಕಳದದ್ದ ಜಾಸ್ತಿ.

ಈಗ ನೀವು ಅಂತೀರಿ: ಅಪ್ಪನ ಕಾಲದ ಅಂಗಡಿ ಹಿಡಕೊಂಡು ದುರ್ಗದಬೈಲಾಗ ಕುಂತಾಕಿ, ಇಕಿಗೆ ಹೊಟ್ಟಿಕಿಚ್ಚು, ಇನ್ನ ಎಚ್‌ಎಂಟಿ ಪುರಾಣ ತಗೀತಾಳ. ತಗ್ಯಂಗಿಲ್ಲ. 1961ರಾಗ ಜಪಾನಿನ ಸಿಟಿಜನ್ ಕಂಪನಿ ಜೋಡಿ ಕೂಡಿ ಬೆಂಗಳೂರಾಗ ಶುರು ಮಾಡಿದ ವಾಚಿನ ವ್ಯವಹಾರಾನ 2016ರಾಗ ಸರ್ಕಾರ ಮುಚ್ಚೂದಂತ ಠರಾಯಿಸ್ತು. ಆವಾಗ ಇದ ಫೇಸ್‌ಬುಕ್ಕಿನ್ಯಾಗ ಅತ್ತಾವರ ಕೈಯಾಗ ಯಾವ ವಾಚಿತ್ತು ಅನ್ನೂದು ನನಗ ಗೊತ್ತೈತಿ, ಸೆಲ್ ಹಾಕಿಸ್ಯಾಕ ನನ್ನ ಕಡೆನ ಬರ್ತಿದ್ರು. ದಿನಾ ಮುಂಜಾನಿ ಚಾವಿ ಕೊಡೂ ವಾಚಿನ ಮ್ಯಾಲ ನನಗೇನು ಭಕ್ತಿ ಇಲ್ಲ. 1969ರ ಡಿಸೆಂಬರ್ 25ಕ್ಕ ಜಪಾನಿನ ಸೇಕೋದಾವರು ಸೆಲ್ಲಿನ ಮ್ಯಾಲ ನಡಿಯೂ ಕ್ವಾರ್ಟ್ಜ್ ಕೈಗಡಿಯಾರ ಮಾರಾಕ ತಂದದ್ದು ಸ್ವಿಟ್ಜರ್‌ಲ್ಯಾಂಡಿನ ಅರ್ಧಕ್ಕಿಂತ ಹೆಚ್ಚು ವಾಚಿನ ಕೆಲಸಗಾರರ ಹೊಟ್ಟಿ ಮ್ಯಾಲ ಹೊಡೀತು, ಖರೇ. ಆದ್ರೂ ಅದು ಗೆದ್ದದ್ದು ನ್ಯಾಯವಾಗಿ. ಯಾಕಂದ್ರ ಅದು ಛಲೋ ಟೈಮ್ ತೋರಿಸ್ತು, ಸೋವಿ ಬಿತ್ತು, ಮತ್ತ ರಿಪೇರಿಗೆ ಬಗ್ತು. ಒಳಗ ಹರಳು ಸೆಕೆಂಡಿಗೆ 32,768 ಸಲ ನಡಗ್ತಿರತೈತಿ, ಅದಕ್ಕ ಬೇಕಾದದ್ದು ಒಂದು ಗುಂಡಿಯಷ್ಟು ಸೆಲ್ಲು. 626 ನಂಬರಿನ ಸೆಲ್ ಅಂತ ಗದಗದಾಗ ಕೇಳ್ರಿ, ಹಾವೇರ್ಯಾಗ ಕೇಳ್ರಿ, ಅದ ಬರ್ತೈತಿ. ಜಪಾನಿನ ವಾಚಿಗೂ ಅದ, ಹೊಸೂರಿನ ಟೈಟನ್ ವಾಚಿಗೂ ಅದ. ಹಿಂದಿನ ಮುಚ್ಚಳ ಎಬ್ಬಿಸು, ಹಾಕು, ಮುಚ್ಚು. ಗಿರಾಕಿ ನಿಂತ ನಿಂತಲ್ಲೇ ಕೆಲಸ ಮುಗೀತು.

ಸ್ಮಾರ್ಟ್‌ವಾಚಿನ ಮುಚ್ಚಳ ಎಬ್ಬಸ್ರಿ ನೋಡೂಣು. ಗೋಂದು. ಗೋಂದಿನ ಕೆಳಗ ಬ್ಯಾಟರಿ, ಅದಕ್ಕೂ ಗೋಂದು. ಕೆಲವಕ್ಕ ವೈರ್ ನೇರ ಬೆಸುಗಿ. ಬ್ಯಾಟರಿ ಮ್ಯಾಲ ಬರದ ನಂಬರ್ ಹಿಡದು ಹುಡುಕಿದ್ರ ಆ ಅಳತಿದು ಹುಬ್ಬಳ್ಳ್ಯಾಗ ಬ್ಯಾಡ, ಬೆಂಗಳೂರಾಗೂ ಸಿಗಂಗಿಲ್ಲ. ಸಿಕ್ರೂ ಬ್ಯಾಟರಿ, ಗೋಂದು, ನನ್ನ ಕೂಲಿ ಕೂಡಿಸಿದ್ರ ಹೊಸ ವಾಚಿನ ಅರ್ಧ ರೊಕ್ಕ. ಆವಾಗ ಆ ಹುಡುಗ ಹೇಳಿದ್ದ ಖರೇ ಆಕ್ಕೈತಿ, ಹೊಸಾದು ತಗೋಳೂದ ಶಾಣ್ಯಾತನ. ಇದ ನನ್ನ ಸಂಕಟ. ಹೊಸಾದು ತಗೋಳೂದ ಶಾಣ್ಯಾತನ ಆಗೂ ಹಂಗ ಮಾಡಿಟ್ಟಾರ.

"ಸೋವಿ ಮಾಲು ತಗೊಂಡ್ರ ಹಿಂಗ, ಛಲೋ ಕಂಪನಿದು ತಗೋರಿ" ಅನ್ನಾವರಿಗೆ ಒಂದು ಕತಿ. 2015ರಾಗ ಆ್ಯಪಲ್ ಕಂಪನಿ ತನ್ನ ಮೊದಲನೇ ವಾಚು ಮಾರಾಕ ಬಿಟ್ಟಾಗ ಅದರಾಗ 18 ಕ್ಯಾರೆಟ್ ಬಂಗಾರದ್ದೂ ಒಂದಿತ್ತು. ಬೆಲಿ 10,000 ಡಾಲರ್‌ದಿಂದ 17,000 ಡಾಲರ್ ತನಕ. ಮರುವರ್ಷನ ಬಂಗಾರದ್ದು ಬಂದ್ ಮಾಡಿದ್ರು. 2018ರಾಗ ಅದಕ್ಕ ಹೊಸ ಸಾಫ್ಟ್‌ವೇರ್ ಬಂದ್. 2023ರಾಗ ಆ ಪೀಳಿಗಿಯ ವಾಚನ್ನೆಲ್ಲಾ ಹಳೇವು ಅಂತ ಪಟ್ಟಿಗೆ ಸೇರಿಸಿ, ಇನ್ನ ಮ್ಯಾಲ ರಿಪೇರಿ ಇಲ್ಲ ಅಂತ ಕೈ ತೊಳಕೊಂಡ್ರು. ಎಂಟು ವರ್ಷ! ಹತ್ತು ಲಕ್ಷಕ್ಕ ಹತ್ತಿರದ ವಾಚಿನ ಆಯುಷ್ಯ ನಮ್ಮ ಮನಿ ಮಿಕ್ಸರ್‌ಗಿಂತ ಕಡಿಮಿ. ಬಂಗಾರ ಕರಗಿಸಿ ಬೋರಮಾಳ ಮಾಡಿಸಿದ್ರರ ಮೊಮ್ಮಗಳಿಗೆ ಬರ್ತಿತ್ತು.

ಪೆಬಲ್ ಅಂತ ಇನ್ನೊಂದಿತ್ತು. 2012ರಾಗ ಕಿಕ್‌ಸ್ಟಾರ್ಟರ್ ಅನ್ನೂ ವೆಬ್‌ಸೈಟಿನ್ಯಾಗ ಮಂದಿ ಕಡಿಂದ 1 ಕೋಟಿ ಡಾಲರ್ ಮ್ಯಾಲ ಕೂಡಿಸಿ ಹುಟ್ಟಿದ್ದು. ಜನ ಪ್ರೀತಿ ಮಾಡಿದ್ರು, ಕೊಂಡ್ರು. 2016ರಾಗ ಫಿಟ್‌ಬಿಟ್ ಅದನ್ನ ನುಂಗ್ತು, 2021ರಾಗ ಫಿಟ್‌ಬಿಟ್ಟನ್ನ ಗೂಗಲ್ ನುಂಗ್ತು. ವಾಚ್ ಛಲೋ ಇತ್ತೋ ಕೆಟ್ಟಿತ್ತೋ ಅನ್ನೂದು ಲೆಕ್ಕಕ್ಕ ಬರಲಿಲ್ಲ. ಆ ಕಡೆ ಸರ್ವರ್ ಬಂದಾತಂದ್ರ ಈ ಕಡೆ ಕೈಯಾಗಿಂದು ಅರ್ಧ ಜೀವ. ಚಾವಿ ವಾಚಿನ ಕಂಪನಿ ಮುಚ್ಚಿದ್ರೂ ವಾಚು ನಡೀತಿತ್ತು. ಪುರಾಣ ತಗ್ಯಂಗಿಲ್ಲ ಅಂದಿದ್ದೆ, ತಗದೆ. ಇರ್ಲಿ.

ಮತ್ತ ವೈರಿನ ಮಾತಿಗೆ ಬರ್ತೀನಿ, ಅದನ್ನ ಬಿಡಂಗಿಲ್ಲ ನಾ. ಯುರೋಪದಾಗ 2024ರ ಡಿಸೆಂಬರ್ 28ರಿಂದ ಹೊಸ ಫೋನು, ಟ್ಯಾಬು, ಕ್ಯಾಮರಾ, ಹೆಡ್‌ಫೋನು ಎಲ್ಲಾದಕ್ಕೂ ಒಂದ ಟೈಪ್-ಸಿ ಕಿಂಡಿ ಇರಬೇಕು ಅಂತ ಕಾಯ್ದೆ ಬಂದೈತಿ. ಓದಿ ಕುಣಿದಾಡಿದೆ. ಪಟ್ಟಿ ಪೂರ್ತಿ ನೋಡಿದ್ರ ಸ್ಮಾರ್ಟ್‌ವಾಚು ಇಲ್ಲ! ಕೈಗಡಿಯಾರ ಸಣ್ಣದು, ಆ ಕಿಂಡಿ ಹಿಡಿಯಂಗಿಲ್ಲ. ಒಪ್ಪಿದೆ, ಕಿಂಡಿ ಬ್ಯಾಡ. ಎರಡು ಪಿನ್ನಿನ ನಡುವಿನ ಅಂತರ ಎಲ್ಲಾ ಕಂಪನಿಗೂ ಒಂದ ಇಡಾಕ ಏನು ಧಾಡಿ? ನಮ್ಮ ದೇಶದಾಗೂ 2022ರ ಡಿಸೆಂಬರ್‌ನ್ಯಾಗ ರಿಪೇರಿ ಹಕ್ಕು ಅಂತ ಕೇಂದ್ರದಾವರು ಒಂದು ಪೋರ್ಟಲ್ ತಗದಾರ. ಪೋರ್ಟಲ್‌ನ್ಯಾಗ ಹಕ್ಕು ಐತಿ, ದುರ್ಗದಬೈಲಾಗ ವೈರ್ ಇಲ್ಲ.

ಈಗ ಆರೋಗ್ಯದಾವರು ಬರ್ತಾರ. ಬರ್ರಿ. "ಅಕ್ಕಾ, ಅದು ಜೀವ ಉಳಸ್ತೈತಿ." ಇದನ್ನ ನಾ ಹಗುರ ಮಾಡಿ ಮಾತಾಡಂಗಿಲ್ಲ, ಕಾರಣ ನಿಮಗ ಗೊತ್ತೈತಿ. ಅಪ್ಪನ ನಾಡಿ ತಾಳ ತಪ್ಪಿ ಬಡಿತಿತ್ತು, ಯಾರಿಗೂ ಗೊತ್ತಾಗಲಿಲ್ಲ, ಸ್ಟ್ರೋಕ್ ಹೊಡದ ಮ್ಯಾಲ ಡಾಕ್ಟರ್ ಹೇಳಿದ್ರು. ಅಮೆರಿಕಾದಾಗ ಆ್ಯಪಲ್ ವಾಚು ಕಟ್ಟಿಕೊಂಡ 4 ಲಕ್ಷಕ್ಕಿಂತ ಹೆಚ್ಚು ಮಂದಿ ಮ್ಯಾಲ ಮಾಡಿದ ಅಧ್ಯಯನ 2019ರಾಗ ಹೊರಗ ಬಂತು. ನಾಡಿ ತಾಳ ತಪ್ಪೈತಿ ಅಂತ ವಾಚು ಎಚ್ಚರಿಸಿದ್ದು ಇನ್ನೂರು ಮಂದ್ಯಾಗ ಸುಮಾರು ಒಬ್ರಿಗೆ, ಅಂದ್ರ 0.52 ಪ್ರತಿಶತ. ಅವರಾಗ ಮುಂದ ಇಸಿಜಿ ಪಟ್ಟಿ ಹಚ್ಚಿಕೊಂಡು ಕಳಿಸಿದಾವರಾಗ ಮೂರರಾಗ ಒಬ್ರಿಗೆ ಖರೇನ ಆ ರೋಗ ಸಿಕ್ತು. ಆ ವರದಿ ಓದಿದ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಅಪ್ಪಗ ಅದು ಇದ್ದಿದ್ರ ಅಂತ.

ಆದ್ರ ನಮ್ಮಲ್ಲಿ ಕೋಟಿಗಟ್ಟಲೆ ಮಾರಿದ್ದು ಆ ವಾಚಲ್ಲರೀ! ಒಂದೂವರಿ ಸಾವಿರದ್ದು. ಅದರ ಹಿಂದ ಹಸರು ಬೆಳಕು ಮಿನುಗ್ತೈತಿ, ರಕ್ತ ಆ ಬೆಳಕನ್ನ ಹೀರತೈತಿ, ತಿರುಗಿ ಬಂದ ಬೆಳಕು ಹೆಚ್ಚುಕಡಿಮಿ ಆಗೂದನ್ನ ನೋಡಿ ನಾಡಿ ಎಣಿಸ್ತೈತಿ. ವಿದ್ಯಾ ಛಲೋನ. ಆದ್ರ ಸೋವಿ ವಾಚಿಗೆ ಮನಿಷಾಗೂ ಟಾವೆಲಿಗೂ ಫರಕ್ ತಿಳಿಯಂಗಿಲ್ಲ. ಒಬ್ಬ ಗಿರಾಕಿ ಮುಂದ ಟಾವೆಲ್ ಸುರುಳಿ ಸುತ್ತಿ ಅದಕ್ಕ ಕಟ್ಟಿ ತೋರಿಸಿದೆ. 78 ಅಂತು. ಟಾವೆಲ್ ಆರೋಗ್ಯ ಉತ್ತಮ. ಅದ ವಾಚು ಬಿಪಿನೂ ತೋರಿಸ್ತಿತ್ತು. ಸ್ಯಾಮ್ಸಂಗ್‌ನಂಥಾ ದೊಡ್ಡ ಕಂಪನಿನೂ ತನ್ನ ವಾಚಿನ್ಯಾಗ ಬಿಪಿ ನೋಡಬೇಕಂದ್ರ 28 ದಿನಕ್ಕೊಮ್ಮೆ ತೋಳಿಗೆ ಪಟ್ಟಿ ಕಟ್ಟೂ ಖರೇ ಬಿಪಿ ಮಷೀನಿನ ಜೋಡಿ ತಾಳೆ ಹಾಕ್ರಿ ಅಂತೈತಿ. ಒಂದೂವರಿ ಸಾವಿರದ್ದಕ್ಕ ಅಂಥಾ ಕಟ್ಟಳಿ ಏನೂ ಇಲ್ಲ, ಬಾಯಿಗೆ ಬಂದದ್ದು ಹೇಳ್ತೈತಿ. ಸೂಜಿ ಚುಚ್ಚಲಾರದ ಶುಗರ್ ತೋರಿಸೂ ವಾಚ್ ಅಂತ ಮಾರಾವರನ್ನ ನಂಬಬ್ಯಾಡ್ರಿ ಅಂತ ಅಮೆರಿಕಾದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರ್ಯಾಗ ಎಚ್ಚರಿಕಿ ಕೊಟ್ಟೈತಿ. ಅದನ್ನ ನೋಡಿ ಇನ್ಸುಲಿನ್ ಅಳತಿ ಮಾಡಿಕೊಂಡ್ರ ಜೀವ ಉಳಿಯೂದಲ್ಲ, ಹೋಗೂದು. ನಮ್ಮ ಓಣಿ ಕಾಕು ಒಬ್ಬಾಕಿ ವಾಚಿನ್ಯಾಗ ಶುಗರ್ ನಾರ್ಮಲ್ ಬಂತಂತ ಧಾರವಾಡ ಪೇಢೆ ತಿಂದ್ಲು, ನನ್ನ ಕಣ್ಣೆದುರ.

ಇನ್ನ ಹೆಜ್ಜಿ ಎಣಿಸೂದು. ನೃಪತುಂಗ ಬೆಟ್ಟದ ಮ್ಯಾಲ ಮುಂಜಾನಿ ಹೋಗ್ರಿ, ಹತ್ತು ಸಾವಿರ ಆಗಲಿಲ್ಲಂತ ನಿಂತಲ್ಲೇ ಕೈ ಬೀಸಾವರು ಕಾಣ್ತಾರ. ಆ ಹತ್ತು ಸಾವಿರ ಯಾವ ವೈದ್ಯ ಬರದುಕೊಟ್ಟ ಚೀಟಿ ಅಂತ ತಿಳಕೊಂಡೀರಿ? 1965ರಾಗ ಜಪಾನದಾಗ ಒಂದು ಹೆಜ್ಜಿ ಎಣಿಸೂ ಯಂತ್ರ ಮಾರಾಕ ಇಟ್ಟ ಹೆಸರಿನಿಂದ ಬಂದದ್ದು. ವಯಸ್ಸಾದ ಹೆಣ್ಣುಮಕ್ಕಳ ಮ್ಯಾಲ 2019ರಾಗ ಬಂದ ಅಧ್ಯಯನದಾಗ ಸುಮಾರು 7,500 ಹೆಜ್ಜಿ ಆದ ಮ್ಯಾಲ ಹೆಚ್ಚಿನ ಲಾಭ ಕಾಣಲಿಲ್ಲ. ನಡೀರಿ, ಛಲೋ. ಅದಕ್ಕ ವಾಚು ಬೇಕ ಬೇಕು ಅನ್ನಬ್ಯಾಡ್ರಿ.

ಒಬ್ಬನ ವಿಷಯದಾಗ ಮಾತ್ರ ನಾ ಬಾಯಿ ಮುಚ್ಚಿಕೋತೀನಿ. ಘಂಟಿಕೇರಿ ಕಡೆ ಒಬ್ಬ ಟೇಲರ್ ಅದಾನ, ಕಿವಿ ಕೇಳಂಗಿಲ್ಲ. ಅವಗ ಅಲಾರಾಂ ಅಂದ್ರ ಕೈಯಾಗ ಗುರ್ ಅಂತ ನಡುಗೂ ವಾಚು. ಫೋನ್ ಬಂದ್ರೂ, ಹಾಲಿನಾಂವ ಮೆಸೇಜ್ ಹಾಕಿದ್ರೂ ಕೈ ನಡಗ್ತೈತಿ. ಅವಗ ಅದು ಆಟಿಗಿ ಸಾಮಾನಲ್ಲ. ಮತ್ತ ಅವನೂ ನನ್ನ ಹತ್ರ ಬಂದದ್ದು ಏನಕ್ಕ ಹೇಳ್ರಿ? ವೈರ್! ಅವನ ನಸೀಬು ಛಲೋ ಇತ್ತು, ನನ್ನ ಡಬ್ಬ್ಯಾಗ ಸಿಕ್ತು.

ವ್ಯಾಪಾರದ ಮಾತೂ ಹೇಳೇಬಿಡ್ತೀನಿ, ಮುಚ್ಚಿಡೂದೇನು. ಈಗ ನನ್ನ ಅಂಗಡಿ ಬಾಡಿಗಿ ಹೊಂಡೂದು ಸ್ಮಾರ್ಟ್‌ವಾಚಿನ ಬೆಲ್ಟು, ಸ್ಕ್ರೀನ್‌ಗಾರ್ಡು, ಇವ ದರಿದ್ರ ವೈರಿನ ಮ್ಯಾಲ. ಸೆಲ್ ಹಾಕಿ ಹೊಟ್ಟಿ ತುಂಬಂಗಿಲ್ಲ. ಅವು ಕೆಟ್ಟಷ್ಟು ನನಗ ಗಿರಾಕಿ. ಅಂದಮ್ಯಾಲ ಹೊಟ್ಟಿಕಿಚ್ಚು ಅನ್ನಾವರು ತಮ್ಮ ಕಮೆಂಟ್ ತಿದ್ದಿ ಬರೀರಿ.

ಗೆದ್ದಾವೋ ಸೋತಾವೋ ಅಂತ ಆ ಹುಡುಗ ಹೋಗೂ ಮುಂದ ಮತ್ತ ಕೇಳಿದ. ಮಾರಾವರು ಗೆದ್ದಾರಪಾ ಅಂದೆ. ಅವಗದು ಸಾಕಾತು, ಬೆಲ್ಟಿನ ರೊಕ್ಕ ಫೋನ್‌ಪೇ ಮಾಡಿ ಹೋದ. ಇಪ್ಪತ್ತು ರೂಪಾಯಿ ಕಡಿಮಿ ಮಾಡಿಸಿಕೊಂಡ.

ಕೆಳಗ ಕಮೆಂಟಿನ್ಯಾಗ "ಅಕ್ಕಾ, ಹಂಗಾರ ಯಾವ ಸ್ಮಾರ್ಟ್‌ವಾಚ್ ತಗೋಲಿ" ಅಂತ ಯಾರರ ಕೇಳಿದ್ರ ಅನ್‌ಫ್ರೆಂಡ್ ಮಾಡ್ತೀನಿ, ಬೀಗರಿದ್ರೂ ಬಿಡಂಗಿಲ್ಲ. ಕೆಟ್ಟು ಬಿದ್ದ ವಾಚಿನ ವೈರ್ ಮನ್ಯಾಗ ಇದ್ದಾವರು ಒಗೀಬ್ಯಾಡ್ರಿ, ಅಂಗಡಿಗೆ ತಂದು ಕೊಡ್ರಿ. ಎರಡ ಪಿನ್ನಿಂದು ಇದ್ರ ಪಿನ್ನಿನ ನಡುವ 3 ಮಿಲಿಮೀಟರ್‌ಗಿಂತ ಚೂರು ಜಾಸ್ತಿ ಇದ್ದದ್ದು ಮೊದಲ ತರ್ರಿ. ಎರಡರಿಂದ ನಾಲ್ಕರ ತನಕ ನಾ ಊಟಕ್ಕ ಹೋಗಿರ್ತೀನಿ, ಬಾಜೂ ಬಳಿ ಅಂಗಡ್ಯಾಗ ಕೊಟ್ರೂ ನಡೀತೈತಿ.