ಹೆಸರು ಒಂದೇ, ಗೋತ್ರ ಬೇರೆ

ಐದು ರೂಪಾಯಿಯ ಬಿಸ್ಕತ್ ಪೊಟ್ಟಣ ತಗೊಳ್ಳಿ. ತಿರುಗಿಸಿ ನೋಡಿದರೆ ಹಿಟ್ಟು ಯಾವುದು, ಎಣ್ಣೆ ಯಾವುದು, ಉಬ್ಬಲು ಹಾಕಿದ ಪುಡಿಯ ನಂಬರ್ ಏನು, ಎಲ್ಲ ಬರೆದಿರುತ್ತದೆ. ಈಗ ಎಂಟುನೂರು ರೂಪಾಯಿಯ ವೈಫೈ ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚಿ ವೈಫೈ ಬರಿಸೋ ಕಡ್ಡಿ, ತಗೊಳ್ಳಿ. ಡಬ್ಬದ ಮೇಲೆ ಸೋಫಾದಲ್ಲಿ ಕೂತು ಹಲ್ಲು ಕಿರಿಯುವ ಸಂಸಾರ ಇರುತ್ತದೆ, ಅವರ ತಲೆ ಮೇಲೆ ನೀಲಿ ಗೆರೆಗಳು ಹಾರುತ್ತಿರುತ್ತವೆ, 600 ಎಂಬಿಪಿಎಸ್ ಅಂತ ದಪ್ಪಕ್ಷರ ಇರುತ್ತದೆ. ಒಳಗಿರೋ ಚಿಪ್ ಯಾವುದು ಅನ್ನೋದು ಮಾತ್ರ ಇರುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಅನ್ನೋ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡವನಿಗೆ ಬೇಕಾದದ್ದು ಅದೊಂದೇ; ಚಿಪ್ ನಡೆಸೋ ಪ್ರೋಗ್ರಾಂ, ಅಂದರೆ ಡ್ರೈವರ್, ಸಿಗುತ್ತದೋ ಇಲ್ಲವೋ ಗೊತ್ತಾಗೋದು ಅದರಿಂದಲೇ.

ನಾನೇನು ಹಠ ಹಿಡಿದು ಲಿನಕ್ಸ್‌ಗೆ ಹೋದವನಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ನನ್ನ ಹಳೇ ಲ್ಯಾಪ್‌ಟಾಪ್ ಮುಖ ನೋಡಿ, ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಇಲ್ಲದವರು ಹೊರಗೇ ಇರಿ ಅಂದಿತು. ಸ್ಕ್ರೀನ್ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಎಸೆಯೋಕೆ ಮನಸ್ಸು ಬರಲಿಲ್ಲ. ಲಿನಕ್ಸ್ ಹಾಕಿದೆ. ಅರ್ಧ ಗಂಟೆಯೂ ಆಗಲಿಲ್ಲ. ಸೌಂಡ್ ಬಂತು, ಕನ್ನಡ ಟೈಪ್ ಆಯಿತು, ವರ್ಷಗಟ್ಟಲೆ ಮುನಿಸಿಕೊಂಡಿದ್ದ ಪ್ರಿಂಟರ್ ಕೂಡ ಕರೆಯದೆಯೇ ಎದ್ದು ಕೂತಿತು. ವೈಫೈ ಮಾತ್ರ ಇಲ್ಲ. ಒಳಗಿನ ವೈಫೈ ಕಾರ್ಡಿಗೆ ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೇ ಓಡೋ ಪ್ರೋಗ್ರಾಂ, ಬೇಕಂತೆ. ಅದೆಲ್ಲಿದೆ? ಇಂಟರ್ನೆಟ್‌ನಲ್ಲಿ. ಇಂಟರ್ನೆಟ್ ಬರೋಕೆ ಏನು ಬೇಕು? ವೈಫೈ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಈ ತಮಾಷೆ ಎಷ್ಟು ಹಳೆಯದು ಅಂದರೆ, ಡೆಬಿಯನ್ ಅನ್ನೋ ಲಿನಕ್ಸ್ ಬಗೆಯನ್ನು ಕಟ್ಟುವವರು 2022ರಲ್ಲಿ ಇದಕ್ಕೇ ಮತ ಹಾಕಿ, ಕಂಪನಿಗಳು ಕೋಡ್ ಬಿಟ್ಟುಕೊಡದ, ಮುಕ್ತವಲ್ಲದ ಫರ್ಮ್‌ವೇರನ್ನೂ ಇನ್‌ಸ್ಟಾಲರ್ ಜೊತೆಗೇ ಕೊಡೋಣ ಅಂತ ತೀರ್ಮಾನ ಮಾಡಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಹಾಗೇ ಕೊಡುತ್ತಿದ್ದಾರೆ. ಆದರೆ ನನ್ನ ಕಾರ್ಡಿನ ಕಂಪನಿ ತನ್ನ ಫರ್ಮ್‌ವೇರನ್ನು ಬೇರೆಯವರು ಹಂಚೋಕೂ ಬಿಟ್ಟಿಲ್ಲ. ತಾನೂ ಉಣ್ಣ, ಪರರಿಗೂ ಕೊಡ.

ಸರಿ, ಡಾಂಗಲ್ ತರೋಣ ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆಯಾದ ಎಸ್‌ಪಿ ರೋಡಿಗೆ ಹೋದೆ.

"ಅಣ್ಣ, ಲಿನಕ್ಸ್‌ಗೆ ಆಗೋ ಡಾಂಗಲ್ ಇದೆಯಾ?"

"ಎಲ್ಲದಕ್ಕೂ ಆಗುತ್ತೆ ಸಾರ್. ಚುಚ್ಚಿದರೆ ಸಾಕು."

"ಚಿಪ್ ಯಾವುದು?"

"ಒರಿಜಿನಲ್ ಚಿಪ್ ಸಾರ್."

ಡಬ್ಬದ ಹಿಂಭಾಗ ನೋಡಿದೆ. 'ಲಿನಕ್ಸ್ ಕರ್ನಲ್ 2.6ರಿಂದ 4.4' ಅಂತ ಇರುವೆಯಂಥ ಅಕ್ಷರದಲ್ಲಿತ್ತು. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು; ಅದರ 4.4 ಆವೃತ್ತಿ ಬಂದದ್ದು 2016ರ ಜನವರಿಯಲ್ಲಿ. ಅಂದರೆ ಈ ಡಾಂಗಲ್ ಲಿನಕ್ಸ್‌ಗೆ ಆಗುತ್ತದೆ, ಲಿನಕ್ಸ್ ಬೆಳೆಯೋದನ್ನು ನಿಲ್ಲಿಸಿದರೆ. ಆದ್ರೂ ತಗೊಂಡೆ. ಬಿಸಿಲು ಜಾಸ್ತಿ ಇತ್ತು.

ಮನೆಗೆ ಬಂದು ಬಿಚ್ಚಿದರೆ ಅಂಗೈಯಗಲದ ಸಿಡಿ ಬಿತ್ತು. ನನ್ನ ಲ್ಯಾಪ್‌ಟಾಪ್‌ನ ಸಿಡಿ ಡ್ರೈವ್ ಬಾಯಿ ತೆರೆದು ಆರು ವರ್ಷವಾಗಿದೆ. ಅದಿರಲಿ ಅಂತ ಡಾಂಗಲ್ ಚುಚ್ಚಿದೆ. ಪರದೆ ಮೇಲೆ ಬಂದದ್ದು ವೈಫೈ ಅಲ್ಲ, ಇನ್ನೊಂದು ಸಿಡಿ ಡ್ರೈವ್! ಈ ಜಾತಿಯ ಡಾಂಗಲ್‌ಗಳು ಮೊದಲು ಸಿಡಿ ಡ್ರೈವ್ ವೇಷ ಹಾಕಿಕೊಂಡು ಬರುತ್ತವೆ, ಹೊಟ್ಟೆಯೊಳಗೆ ವಿಂಡೋಸ್‌ನ ಡ್ರೈವರ್ ಇಟ್ಟುಕೊಂಡಿರುತ್ತವೆ, ಅದನ್ನು ಹಾಕಿಸಿಕೊಂಡ ಮೇಲಷ್ಟೇ ವೇಷ ಕಳಚಿ ವೈಫೈ ಆಗುತ್ತವೆ. ಲಿನಕ್ಸ್‌ನಲ್ಲಿ ಈ ಬಣ್ಣ ಒರೆಸೋದಕ್ಕೆಂದೇ ಯುಎಸ್‌ಬಿ ಮೋಡ್‌ಸ್ವಿಚ್ ಅನ್ನೋ ಪ್ರೋಗ್ರಾಂ ಇದೆ. ಅದನ್ನು ಇಳಿಸಿಕೊಳ್ಳೋಕೆ ಮತ್ತೆ ಇಂಟರ್ನೆಟ್.

ಕೊನೆಗೆ ಮೊಬೈಲನ್ನು ಕೇಬಲ್ಲಿಗೆ ಕಟ್ಟಿ, ಮೊಬೈಲಿನ ನೆಟ್ ಹಂಚುವ ಟೆಥರಿಂಗ್ ಒತ್ತಿದೆ. ತಕ್ಷಣ ನೆಟ್ ಬಂತು. ಆಂಡ್ರಾಯ್ಡ್ ಒಳಗಿರೋದೂ ಲಿನಕ್ಸ್ ಕರ್ನಲ್ಲೇ ಅಲ್ವಾ. ನಮ್ಮ ಮನೆಯ ರೂಟರ್ ಒಳಗೂ ಅದೇ. ಎರಡು ಲಿನಕ್ಸ್‌ಗಳು ಗಾಳಿಯಲ್ಲೇ ಹಾಯಾಗಿ ಮಾತಾಡಿಕೊಂಡು, ಮೂರನೇ ಬಡಪಾಯಿ ಲಿನಕ್ಸ್‌ಗೆ ತಂತಿಯಲ್ಲಿ ಸುದ್ದಿ ಮುಟ್ಟಿಸುತ್ತಿದ್ದವು.

ಯಾರೋ ಪುಣ್ಯಾತ್ಮರು ಬರೆದಿಟ್ಟ ಡ್ರೈವರ್ ಸಿಕ್ಕಿತು. ಕಂಪೈಲ್ ಮಾಡಿದೆ, ಅಂದರೆ ಅದರ ಕೋಡನ್ನು ನನ್ನ ಕರ್ನಲ್‌ಗೆ ಹೊಂದುವಂತೆ ಕಟ್ಟಿಕೊಂಡೆ. ಸಂಬಳ ಕೊಟ್ಟು ಎಂಜಿನಿಯರುಗಳನ್ನು ಇಟ್ಟುಕೊಂಡ ಕಂಪನಿ ಮಾಡದ ಕೆಲಸವನ್ನು ಯಾರೋ ರಾತ್ರಿ ಊಟ ಆದಮೇಲೆ ಕೂತು ಮಾಡಿದ್ದರು. ಹನ್ನೆರಡು ದಿನ ವೈಫೈ ಚೆನ್ನಾಗಿ ಓಡಿತು. ಹದಿಮೂರನೇ ದಿನ ಕರ್ನಲ್ ಅಪ್‌ಡೇಟ್ ಬಂತು, ಡ್ರೈವರ್ ಅದರೊಳಗಿನದ್ದಲ್ಲವಲ್ಲ, ಹಳೇ ಮನೆಯಲ್ಲೇ ಉಳಿಯಿತು. ಮತ್ತೆ ಮೊಬೈಲು, ಮತ್ತೆ ಕೇಬಲ್ಲು.

ಮಾಡೆಲ್ ನಂಬರ್ ನೋಡಿ ತಗೋಬೇಕಿತ್ತು ಅಂತ ಗೆಳೆಯನೊಬ್ಬ ಬುದ್ಧಿ ಹೇಳಿದ. ಬರೀ ಹೆಸರು ಕೇಳಿ ಹೆಣ್ಣು ಕೊಡೋರು ಇದ್ದಾರಾ ಮಾರಾಯ? ಡಬ್ಲ್ಯೂಎನ್722ಎನ್ ಅಂತ ಒಂದು ಡಾಂಗಲ್ ಇದೆ, ಲಿನಕ್ಸ್ ಜನರ ಬಾಯಲ್ಲಿ ಬಹಳ ಓಡಾಡಿದ ಹೆಸರು. ಮೊದಲನೇ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಚಿಪ್. ಡ್ರೈವರ್ ಕರ್ನಲ್‌ನಲ್ಲೇ ಇದೆ, ಫರ್ಮ್‌ವೇರ್ ಕೂಡ ಮುಕ್ತ. ಎರಡನೇ ಆವೃತ್ತಿಗೆ ಬಂದಾಗ ಒಳಗೆ ಕೂತಿದ್ದು ರಿಯಲ್‌ಟೆಕ್ ಚಿಪ್. ಹೆಸರು ಅದೇ, ಗೋತ್ರ ಬೇರೆ. ಬದಲಾದ ಗುರುತು ಅಂದರೆ ಸ್ಟಿಕ್ಕರಿನ ಮೇಲೆ ಒಂದು 'ವಿ2'. ಲ್ಯಾಪ್‌ಟಾಪ್ ಒಳಗಿನ ಕಾರ್ಡುಗಳದ್ದು ಇನ್ನೊಂದು ರಗಳೆ. ಇಂಟೆಲ್‌ನ ಎಎಕ್ಸ್210 ಕಾರ್ಡು ಬೇರೆಯವರ ಪ್ರೊಸೆಸರ್ ಜೊತೆಗೂ ಸಂಸಾರ ಮಾಡುತ್ತದೆ. ಎಎಕ್ಸ್211 ಇಂಟೆಲ್ ಪ್ರೊಸೆಸರ್ ಬಿಟ್ಟು ಬೇರೆ ಮನೆ ಹೊಸ್ತಿಲು ತುಳಿಯಲ್ಲ. ನೋಡೋಕೆ ಎರಡೂ ಅವಳಿ ಜವಳಿ.

ಮತ್ತೆ ಎಸ್‌ಪಿ ರೋಡಿಗೆ ಹೋದೆ, ಈ ಸಲ ಲ್ಯಾಪ್‌ಟಾಪ್ ಹೊತ್ತುಕೊಂಡು. ಕೌಂಟರ್ ಮೇಲೆ ಅದನ್ನು ತೆರೆದು, ಒಂದೊಂದೇ ಡಾಂಗಲ್ ಚುಚ್ಚಿ, ಚುಚ್ಚಿದ ಸಾಧನಗಳ ಪಟ್ಟಿ ಕೊಡುವ 'ಎಲ್‌ಎಸ್‌ಯುಎಸ್‌ಬಿ' ಆದೇಶ ಹೊಡೆದು ಚಿಪ್ ಹೆಸರು ಓದಿ ವಾಪಸ್ ಇಡುತ್ತಾ ಬಂದೆ. ನಾಲ್ಕನೆಯದಕ್ಕೆ ಅಂಗಡಿಯವನ ತಾಳ್ಮೆ ಮುಗಿಯಿತು.

"ಸಾರ್, ನೀವು ಕಸ್ಟಮರಾ, ಇನ್‌ಸ್ಪೆಕ್ಟರಾ?"

ಮೇಲಿನ ಅಟ್ಟದಿಂದ ಧೂಳು ಹಿಡಿದ ಡಬ್ಬವೊಂದನ್ನು ಇಳಿಸಿ ಎದುರಿಗೆ ಕುಕ್ಕಿದ. ಚುಚ್ಚಿದೆ. ಎಆರ್9271. ಅಕ್ಕಪಕ್ಕದ ಅಂಗಡಿಗಳ ವೈಫೈ ಹೆಸರುಗಳೆಲ್ಲ ಪರದೆ ಮೇಲೆ ಸಾಲಾಗಿ ಬಂದು ನಿಂತವು. ಪಾಪ, ಅಂಗಡಿಯವನು ಅಷ್ಟರಲ್ಲಿ ಡಬ್ಬದ ಧೂಳು ಒರೆಸಿ, ಕನ್ನಡಕ ಏರಿಸಿ ಓದುತ್ತಿದ್ದ.

"ಬೇಡ ಬಿಡಿ ಸಾರ್, ಇದು ನಿಮಗೆ ಆಗಲ್ಲ. ನೋಡಿ, ಎಕ್ಸ್‌ಪಿ, ವಿಸ್ತಾ, 7 ಅಂತ ಅಷ್ಟೇ ಇದೆ. ಲಿನಕ್ಸ್ ಅಂತ ಎಲ್ಲೂ ಬರೆದೇ ಇಲ್ಲ."

"ಪರವಾಗಿಲ್ಲ ಅಣ್ಣ. ಇಂಥದ್ದು ಇನ್ನೊಂದಿದ್ದರೆ ಅದನ್ನೂ ಕೊಡಿ."