ಬೇಲಿಯೊಳಗಿನ ಚಿಗರಿ ಯಾರ ಸ್ವತ್ತು?

ರಾಣೆಬೆನ್ನೂರಿನ ಹೊಲದಲ್ಲಿ ಚಿಗರಿ ಹೊಡೆದವನಿಗೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಅದೇ ಚಿಗರಿಯನ್ನು, ಅಂದರೆ ನಮ್ಮ ಕೃಷ್ಣಮೃಗವನ್ನು, ಟೆಕ್ಸಸ್‌ನ ರ‍್ಯಾಂಚಿನಲ್ಲಿ (ಬೇಲಿ ಹಾಕಿದ ವಿಶಾಲ ಖಾಸಗಿ ಜಮೀನಿನಲ್ಲಿ) ದುಡ್ಡು ಕಟ್ಟಿ ವರ್ಷದ ಯಾವ ದಿನ ಬೇಕಾದರೂ ಹೊಡೆಯಬಹುದು. 1930ರ ದಶಕದಲ್ಲಿ ಅಲ್ಲಿಗೆ ಒಯ್ದ ಕೃಷ್ಣಮೃಗ, ಚುಕ್ಕೆ ಜಿಂಕೆಗಳೆಲ್ಲ ಅಲ್ಲಿನ ಕಾನೂನಿಗೆ 'ಎಕ್ಸಾಟಿಕ್', ಅಂದರೆ ಹೊರನಾಡಿನಿಂದ ತಂದ ಪ್ರಾಣಿಗಳು. ಅವಕ್ಕೆ ಬೇಟೆಯ ಋತುವೂ ಇಲ್ಲ, ಸಂಖ್ಯೆಯ ಮಿತಿಯೂ ಇಲ್ಲ. ಬೇಟೆ ಲೈಸೆನ್ಸು, ಜಮೀನಿನ ಮಾಲೀಕರ ಒಪ್ಪಿಗೆ, ಇವೆರಡಿದ್ದರೆ ಸಾಕು.

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬುದರ ವ್ಯಾಖ್ಯೆಯೊಳಗೇ ಕಾಡುಪ್ರಾಣಿಯ ಜೊತೆ ಬಂಧನದಲ್ಲಿರುವ ಪ್ರಾಣಿಯೂ ಸೇರಿದೆ. ಕೃಷ್ಣಮೃಗವನ್ನು ಹಟ್ಟಿಯಲ್ಲೇ ಹುಟ್ಟಿಸಿ ಬೆಳೆಸಿದರೂ ಕೊಂದರೆ ಅದು ಬೇಟೆಯೇ. ಅಮೆರಿಕದಲ್ಲಿ ಈ ವಿಷಯ ಬಹುಪಾಲು ಒಂದೊಂದು ರಾಜ್ಯಕ್ಕೆ ಬಿಟ್ಟದ್ದು. ಟೆಕ್ಸಸ್ ಒಂದರಲ್ಲೇ ಎರಡು ನಿಯಮ: ಬಿಳಿಬಾಲದ ಜಿಂಕೆಯನ್ನು ಪರ್ಮಿಟ್ ಪಡೆದು ಸಾಕಿದರೂ ಅದು ಜನರ ಸ್ವತ್ತು, ಸಾಕಿದವನದಲ್ಲ. 2019ರಲ್ಲಿ ಆಸ್ಟಿನ್‌ನ ಮೇಲ್ಮನವಿ ನ್ಯಾಯಾಲಯ ಹೇಳಿದ್ದೂ ಇದನ್ನೇ. ಪಕ್ಕದಲ್ಲೇ ಮೇಯುವ ಚಿಗರಿ ಮಾತ್ರ ರ‍್ಯಾಂಚಿನವನದು.

ಬೇಲಿಯೊಳಗಿನ ಬೇಟೆ ಬೇಕೋ ಬೇಡವೋ ಎಂಬ ವಾದ ಹೆಚ್ಚಾಗಿ ಎಕರೆ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಇಷ್ಟು ಎಕರೆಗಿಂತ ಕಡಿಮೆ ಇರಬಾರದು, ಬೇಲಿ 8 ಅಡಿ ಇರಬೇಕು. ಪ್ರಾಣಿಗೆ ಓಡಲು ಜಾಗ ಸಿಕ್ಕಿತಲ್ಲ ಎಂದು ಎಲ್ಲರಿಗೂ ಸಮಾಧಾನ. ನನ್ನ ತಕರಾರು ಇಲ್ಲಿಯೇ. ಅಪಾಯ ಬರುವುದು ಪ್ರಾಣಿಗಳನ್ನು ಫಾರ್ಮಿನಿಂದ ಫಾರ್ಮಿಗೆ ಸಾಗಿಸುವ ಲಾರಿಯಲ್ಲಿ, ರೋಗದ ರೂಪದಲ್ಲಿ.

ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಚಿಕ್ಕದಾಗಿ ಸಿಡಬ್ಲ್ಯೂಡಿ, ಜಿಂಕೆ ಜಾತಿಯ ಮಿದುಳು ಕೆಡಿಸುವ ರೋಗ. ಮೊದಲು ಕಂಡದ್ದು 1967ರಲ್ಲಿ, ಕೊಲರಾಡೊದಲ್ಲಿ ಬಂಧನದಲ್ಲಿದ್ದ ಜಿಂಕೆಗಳಲ್ಲೇ. ಸೋಂಕು ತಗುಲಿ ಲಕ್ಷಣ ಕಾಣುವುದಕ್ಕೆ ಒಂದೂವರೆ ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಆ ಪ್ರಾಣಿ ಮೈತುಂಬಿಕೊಂಡು, ಕಣ್ಣಿಗೆ ಆರೋಗ್ಯವಾಗಿಯೇ ಕಾಣುತ್ತ ಇನ್ನೊಂದು ಫಾರ್ಮಿಗೆ ಮಾರಾಟವಾಗಿ ಹೋಗಿರುತ್ತದೆ. ಎಂಜಲು, ಮೂತ್ರ, ಸಗಣಿಯಿಂದ ಮಣ್ಣಿಗೆ ಸೇರಿದ ಪ್ರಿಯಾನ್ (ಈ ರೋಗ ತರುವ ವಿಕೃತ ಪ್ರೋಟೀನು) ವರ್ಷಗಟ್ಟಲೆ ಉಳಿಯುತ್ತದೆ, ಬೇಯಿಸಿದರೂ ನಾಶವಾಗದು. ಒಂದೇ ಸಾಲು ಬೇಲಿಯಾದರೆ ಒಳಗಿನ ಜಿಂಕೆ, ಹೊರಗಿನ ಜಿಂಕೆ ಮೂತಿಗೆ ಮೂತಿ ತಾಗಿಸುತ್ತವೆ. ನಡುವೆ ಅಂತರ ಬಿಟ್ಟು ಎರಡು ಸಾಲು ಹಾಕಬೇಕು. ಮರ ಬಿದ್ದಲ್ಲಿ, ಹಳ್ಳದ ನೀರು ಬುಡ ಕೊರೆದಲ್ಲಿ ಅದೂ ಸೋಲುತ್ತದೆ.

ಅಮೆರಿಕದ ಕೇಂದ್ರ ಕೃಷಿ ಇಲಾಖೆಯ ಪ್ರಮಾಣಪತ್ರ ಯೋಜನೆಯಲ್ಲಿ ಹಿಂಡನ್ನು 5 ವರ್ಷ ನಿಗಾದಲ್ಲಿಡಬೇಕು, 12 ತಿಂಗಳು ದಾಟಿದ ಪ್ರಾಣಿ ಸತ್ತರೆ ಪರೀಕ್ಷೆ ಮಾಡಿಸಬೇಕು. ನಂಬಬಹುದಾದ ಪರೀಕ್ಷೆಗೆ ಬೇಕಾದದ್ದು ಮಿದುಳುಕಾಂಡದ ಆಬೆಕ್ಸ್ ಭಾಗ ಮತ್ತು ಗಂಟಲ ಹಿಂದಿನ ದುಗ್ಧಗ್ರಂಥಿ. ತಲೆಗೇ ಗುಂಡು ಬಿದ್ದರೆ ಆಬೆಕ್ಸ್ ಚೂರಾಗುತ್ತದೆ. ಬಿಸಿಲಲ್ಲಿ ಹೆಣ ಒಂದೆರಡು ದಿನ ಬಿದ್ದಿದ್ದರೆ ಅಂಗಾಂಶ ಕೊಳೆತು ಮಾದರಿ ಕೆಲಸಕ್ಕೆ ಬಾರದು.

ಮೊಂಟಾನ ರಾಜ್ಯ ಹಿಡಿದ ದಾರಿ ನನಗೆ ಸರಿ ಎನ್ನಿಸುತ್ತದೆ. 1999ರಲ್ಲಿ ಫಿಲಿಪ್ಸ್‌ಬರ್ಗ್ ಹತ್ತಿರದ ಒಂದು ಫಾರ್ಮಿನಲ್ಲಿ ಈ ರೋಗ ಸಿಕ್ಕಿತು. 2000ದ ನವೆಂಬರಿನಲ್ಲಿ ಜನರೇ ಮತ ಹಾಕಿ ಐ-143 ಎಂಬ ಕಾನೂನು ತಂದರು. ಹೊಸ ಫಾರ್ಮಿಗೆ ಲೈಸೆನ್ಸಿಲ್ಲ, ಇದ್ದ ಲೈಸೆನ್ಸನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ, ದುಡ್ಡು ತೆಗೆದುಕೊಂಡು ಗುಂಡು ಹೊಡೆಸುವಂತಿಲ್ಲ. ಇದ್ದವರು ಪ್ರಾಣಿ ಸಾಕಿಕೊಂಡೇ ಇರಬಹುದು. ನಷ್ಟ ಕಟ್ಟಿಕೊಡಿ ಎಂದು ಹೂಡಿದ ದಾವೆ 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲೂ ಸೋತಿತು. ಎಕರೆಯ ಗೊಡವೆಗೇ ಹೋಗದೆ ವ್ಯಾಪಾರದ ಬೇರಿಗೆ ಕೈ ಹಾಕಿದ್ದು ಈ ಕಾನೂನಿನ ಗಟ್ಟಿತನ. ಟೆಕ್ಸಸ್‌ನಲ್ಲಾದರೋ 2015ರಲ್ಲಿ ಸಾಕಣೆ ಕೇಂದ್ರವೊಂದರಲ್ಲಿ ರೋಗ ಪತ್ತೆಯಾದ ಮೇಲೂ ಪರ್ಮಿಟ್, ಪರೀಕ್ಷೆ, ಸಾಗಣೆ ನಿಯಮಗಳ ತಿದ್ದುಪಡಿಯೇ ನಡೆಯುತ್ತ ಬಂದಿದೆ.

ಡಲ್ಲಾಸ್, ಹ್ಯೂಸ್ಟನ್ ಕಡೆಯ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ಹೊಡೆದ ಕೃಷ್ಣಮೃಗದ ಕೊಂಬು ಎಷ್ಟೇ ಕಾನೂನುಬದ್ಧವಾಗಿರಲಿ, ಊರಿನ ಮನೆಯ ಗೋಡೆಗೆಂದು ತರಬೇಡಿ. ಅಲ್ಲಿನ ರಸೀದಿ ನೋಡಿ ಇಲ್ಲಿನ ಕಸ್ಟಮ್ಸ್ ಆಗಲಿ, ಅರಣ್ಯ ಇಲಾಖೆಯಾಗಲಿ ಸುಮ್ಮನೆ ಬಿಡುವುದಿಲ್ಲ.