ಅಯ್ಯೋ ಪಾಪ ಅಂತೆ!

ನಾನು ಜಾರಿಬಿದ್ದು ಕಾಲು ಮುರಿದುಕೊಂಡ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಇವತ್ತು ತಂಗಿ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಲಿಫ್ಟ್‌ನಲ್ಲಿ ಒಬ್ಬರು ನನ್ನ ಊರುಗೋಲನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ ಪಾಪ, ಇವರಿಗೆ ಏನಾಯ್ತು?" ಅಂದರು. ಕೇಳಿದ್ದು ನನ್ನನ್ನಲ್ಲ, ತಂಗಿಯನ್ನು! ಮುರಿದಿರುವುದು ಕಾಲು ಸ್ವಾಮಿ, ನಾಲಿಗೆ ಅಲ್ಲ.

ಆಗಿನಿಂದ ಈ 'ಪಾಪ' ತಲೆ ಕೊರೆಯುತ್ತಿದೆ. ಮಾಡಬಾರದ್ದನ್ನು ಮಾಡಿದರೂ ಪಾಪ, ಸುಮ್ನೆ ಜಾರಿಬಿದ್ದರೂ ಪಾಪ. ಅನುಕಂಪ ಎಷ್ಟು ಒಳ್ಳೆಯ ಪದ ನೋಡಿ. ಭೂಕಂಪದಲ್ಲಿರುವ ಕಂಪವೇ ಇದರಲ್ಲೂ ಇದೆ. ಇನ್ನೊಬ್ಬರು ನಡುಗಿದರೆ ಜೊತೆಗೆ ನಾವೂ ನಡುಗುವುದು. ಸಹಾನುಭೂತಿಯಲ್ಲೂ 'ಸಹ' ಇದೆ. ಲಿಫ್ಟ್‌ನವರು ಏನೂ ನಡುಗಲಿಲ್ಲ. ಮೂರನೇ ಮಹಡಿ ಬಂತು, ಉತ್ತರಕ್ಕೂ ಕಾಯದೆ ಹೋದರು. ಅದು ಬರೀ ಕನಿಕರ. ಅದಕ್ಕೆ ಸ್ವಲ್ಪ ಎತ್ತರದಲ್ಲಿ ನಿಂತಿದ್ದರೆ ಸಾಕು.

ದಯೆಯ ಲೆಕ್ಕವೇ ಬೇರೆ, ಕೈಯಲ್ಲಿ ಅಧಿಕಾರ ಇರಬೇಕು. ಗಲ್ಲು ಶಿಕ್ಷೆಯಾದವರು ಕ್ಷಮಾದಾನದ ಅರ್ಜಿ ಹಾಕುವುದು ರಾಷ್ಟ್ರಪತಿಗೆ, ಪಕ್ಕದ ಕೋಣೆಯ ಕೈದಿಗಲ್ಲ. ಸಂವಿಧಾನದ 72ನೇ ವಿಧಿ ಶಿಕ್ಷೆ ಇಳಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿದೆ. ಪಕ್ಕದ ಕೈದಿ ಎಷ್ಟೇ ಅತ್ತರೂ ಅದು ಅನುಕಂಪ, ದಯೆ ಅಲ್ಲ. ನನ್ನ ಕಾಲಿನ ಮೇಲೆ ಲಿಫ್ಟ್‌ನವರಿಗೆ ಯಾವ ವಿಧಿಯಲ್ಲಿ ಅಧಿಕಾರ ಸಿಕ್ಕಿತ್ತೋ!

"ಪಾಪ, ಒಳ್ಳೇ ಮನಸ್ಸಿನಿಂದಲೇ ಕೇಳಿದ್ರು ಅಣ್ಣಾ, ಅಷ್ಟೂ ಕೇಳದವರೇ ಜಾಸ್ತಿ" ಅಂತ ತಂಗಿಯ ವಾದ. (ಪಾಪ ಯಾರಿಗೆ ಅಂದಳು ಗಮನಿಸಿ!) ಒಳ್ಳೇ ಮನಸ್ಸು ಇರಲಿ, ಬೇಡ ಅಂದವರು ಯಾರು? ನನ್ನ ಮುಖ ನೋಡಿ ಕೇಳುವುದಕ್ಕೆ ಏನು ಕಷ್ಟ ಅಂತೀನಿ.

ಅದೇ ಲಿಫ್ಟ್‌ನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡ ಹುಡುಗನೊಬ್ಬ ಇದ್ದ. ನಾನು ಇಳಿಯುವಾಗ ಬಾಗಿಲು ಮುಚ್ಚದ ಹಾಗೆ ಕಾಲು ಅಡ್ಡ ಇಟ್ಟ. ಫೋನಿನಿಂದ ತಲೆ ಎತ್ತಲಿಲ್ಲ. ನನ್ನ ಎರಡನೇ ಊರುಗೋಲು ಹೊರಗೆ ಬಂದ ಮೇಲೇ ಕಾಲು ತೆಗೆದ. ಅಂದರೆ ನೋಡುತ್ತಲೇ ಇದ್ದ, ಅಲ್ವಾ! ಅದಕ್ಕೆ ಏನು ಹೆಸರಿಡಲಿ?

ಇಷ್ಟೆಲ್ಲ ಉರಿದುಕೊಳ್ಳುವ ನಾನೇನು ಸಾಚಾ ಅಲ್ಲ. ಹಳೇ ಆಫೀಸಿನಲ್ಲಿ ಪಕ್ಕದ ಸೀಟಿನವನ ಕೆಲಸ ಹೋದಾಗ ಎಲ್ಲರಿಗಿಂತ ಮೊದಲು "ಅಯ್ಯೋ ಪಾಪ" ಅಂದವನು ನಾನೇ. ಬಾಯಲ್ಲಿ ಪಾಪ, ಹೊಟ್ಟೆಯೊಳಗೆ 'ಸದ್ಯ, ನಾನಲ್ಲ'. ಅದನ್ನೂ ಅವನಿಗೆ ಹೇಳಲಿಲ್ಲ, ಸುತ್ತ ನಿಂತಿದ್ದವರಿಗೆ ಹೇಳಿದೆ. ಅವನು ಬಗ್ಗಿ ಡ್ರಾಯರ್ ಖಾಲಿ ಮಾಡುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಒಂದು ಫೋನ್ ಕೂಡ ಮಾಡಲಿಲ್ಲ ನಾನು.

ಅವನೂ ಇಲ್ಲಿ ನನ್ನ ಫ್ರೆಂಡ್ ಲಿಸ್ಟ್‌ನಲ್ಲಿದ್ದಾನೆ. ಇದನ್ನು ಓದುತ್ತಿದ್ದರೆ ಕಾಮೆಂಟ್‌ನಲ್ಲಿ ಪಾಪ ಅಂತ ಮಾತ್ರ ಬರೆಯಬೇಡ ಮಾರಾಯ. ಬೈದರೂ ಪರವಾಗಿಲ್ಲ.